ಕಿರುಚಿದ ಹುಡುಗಿಯರ ಕಿವಿ

1996ರ ಫೆಬ್ರವರಿ 13ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನಾಲ್ವರು ಯುವಕರು ಪತ್ರಕರ್ತರ ಮುಂದೆ ಕುಳಿತು, ತಮ್ಮ ಹಾಡಿನ ತಂಡ ಇನ್ನಿಲ್ಲವೆಂದು ತಿಳಿಸಿದರು. ತಂಡದ ಹೆಸರು ಟೇಕ್ ದಟ್. ಸುದ್ದಿ ಹಬ್ಬುತ್ತಿದ್ದಂತೆ ಊರೂರುಗಳಲ್ಲಿ ಹದಿಮೂರು, ಹದಿನಾಲ್ಕರ ಹುಡುಗಿಯರು ಅಳತೊಡಗಿದರು. ಅವರನ್ನು ಸಂತೈಸಲೆಂದೇ ದೂರವಾಣಿ ಸಹಾಯವಾಣಿಗಳನ್ನು ತೆರೆಯಬೇಕಾಯಿತು. ಆಮೇಲೆ ಇದೊಂದು ತಮಾಷೆಯ ಮಾತಾಗಿಬಿಟ್ಟಿತು. ಪಾಪ್ ಸಂಗೀತದ ಬಗ್ಗೆ ಬರೆಯುವವರು ಇವತ್ತಿಗೂ ಆ ಸಹಾಯವಾಣಿಯನ್ನು ನೆನೆದು ತುಟಿಯಂಚಿನಲ್ಲಿ ನಗುತ್ತಾರೆ. ಫುಟ್‌ಬಾಲ್ ತಂಡ ಸೋತಾಗ ದೊಡ್ಡ ದೊಡ್ಡ ಗಂಡಸರು ಮೈದಾನದಲ್ಲೇ ಗಳಗಳನೆ ಅಳುತ್ತಾರಲ್ಲ, ಅದಕ್ಕೆ ಮಾತ್ರ ಅಭಿಮಾನ, ನಿಷ್ಠೆ ಎಂಬ ಗಂಭೀರ ಹೆಸರುಗಳಿವೆ. ಹುಡುಗಿಯರು ಹಾಡಿಗೆ ಅತ್ತರೆ ಅದು ಹುಚ್ಚು!

ನನಗೆ ಈ ತಂಡದ ಕತೆ ಹಿಡಿಸಿದ್ದು ಇಲ್ಲಿಯೇ. ಟೇಕ್ ದಟ್ ಮಹಾ ಸಂಗೀತವನ್ನು ಸೃಷ್ಟಿಸಿತೆಂದು ನಾನು ವಾದಿಸುವುದಿಲ್ಲ. ಆದರೆ ಅದನ್ನು ತೂಗಿದವರು ಹಾಡನ್ನು ತೂಗಲಿಲ್ಲ, ಕೇಳಿದವರನ್ನು ತೂಗಿದರು. ಕೇಳುವವರು ಶಾಲೆಗೆ ಹೋಗುವ ಹುಡುಗಿಯರು, ಆದ್ದರಿಂದ ಹಾಡು ಟೊಳ್ಳು ಎಂದು ತೀರ್ಪು ಕೊಟ್ಟರು. ಹಾಡನ್ನೇ ಕಿವಿಗೊಟ್ಟು ಕೇಳಿದರೆ ಏನು ಸಿಗುತ್ತದೆ ಎನ್ನುವುದನ್ನು ನೋಡೋಣವೆನ್ನಿಸಿತು.

ತಂಡ ತಾನಾಗಿ ಹುಟ್ಟಿದ್ದಲ್ಲ, ಕೂಡಿಸಿದ್ದು. ನೈಜೆಲ್ ಮಾರ್ಟಿನ್-ಸ್ಮಿತ್ ಎಂಬ ಮ್ಯಾನೇಜರ್, ಅಮೆರಿಕದ ಬಾಸ್ಟನ್ನಿನ ನ್ಯೂ ಕಿಡ್ಸ್ ಆನ್ ದಿ ಬ್ಲಾಕ್ ತಂಡದ ಯಶಸ್ಸನ್ನು ನೋಡಿ, ಅಂಥದ್ದೇ ಒಂದನ್ನು ಇಂಗ್ಲೆಂಡಿನಲ್ಲೂ ಕಟ್ಟಬೇಕೆಂದು 1990ರಲ್ಲಿ ಹೊರಟ. ಅವನಿಗೆ ಸಿಕ್ಕ ಐವರೂ ಉತ್ತರ ಇಂಗ್ಲೆಂಡ್ ಮತ್ತು ಅದರ ಅಂಚಿನ ಸಾಧಾರಣ ಮನೆಗಳ ಹುಡುಗರು. ಹೊವಾರ್ಡ್ ಡೊನಾಲ್ಡ್ ವಾಹನಗಳಿಗೆ ಬಣ್ಣ ಹೊಡೆಯುತ್ತಿದ್ದ. ಜೇಸನ್ ಆರೆಂಜ್ ಗೋಡೆಗಳಿಗೆ ಬಣ್ಣ ಬಳಿಯುತ್ತಿದ್ದ. ಬಿಡುವಿನಲ್ಲಿ ಬ್ರೇಕ್ ಡ್ಯಾನ್ಸ್. ಮಾರ್ಕ್ ಓವನ್ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. ಕುಂಬಾರಿಕೆಗೆ ಹೆಸರಾದ ಸ್ಟೋಕ್-ಆನ್-ಟ್ರೆಂಟ್ ಊರಿನ ರಾಬಿ ವಿಲಿಯಮ್ಸ್ ಸೇರಿದಾಗ ಅವನಿಗಿನ್ನೂ ಹದಿನಾರು. ಸಂಗೀತಗಾರ ಎನ್ನಬಹುದಾದವನು ಗ್ಯಾರಿ ಬಾರ್ಲೋ ಒಬ್ಬನೇ. ಮೀಸೆ ಮೂಡುವ ಮುಂಚಿನಿಂದಲೇ ಕಾರ್ಮಿಕರ ಕ್ಲಬ್ಬುಗಳಲ್ಲಿ, ಬಿಯರ್ ಕುಡಿಯುತ್ತ ಹರಟುವ ಜನರೆದುರು ಕೀಬೋರ್ಡ್ ನುಡಿಸಿ ಪಳಗಿದವನು. 'ಎ ಮಿಲಿಯನ್ ಲವ್ ಸಾಂಗ್ಸ್' ಎಂಬ ಹಾಡನ್ನು ಅವನು ಶಾಲೆಯ ವಯಸ್ಸಿನಲ್ಲೇ ಬರೆದಿಟ್ಟಿದ್ದ.

ಕಾರ್ಖಾನೆಯಿಂದ ಬಂದ ಸರಕು ಎಂದು ಅವರನ್ನು ಹೀಗಳೆಯುತ್ತಿದ್ದರು. ಸರಕಾಗಿದ್ದರೆ ಮೊದಲ ದಿನವೇ ಮಾರಾಟವಾಗಬೇಕಿತ್ತಲ್ಲ? 1991ರಲ್ಲಿ ಮೈಗೆಲ್ಲ ಜೆಲ್ಲಿ ಬಳಿದುಕೊಂಡು ಅರೆಬೆತ್ತಲೆ ಕುಣಿದು ತೆಗೆಸಿದ ಮೊದಲ ಹಾಡು ಮಾರಾಟದ ಪಟ್ಟಿಯಲ್ಲಿ 82ನೆಯ ಸ್ಥಾನದಲ್ಲಿ ನಿಂತಿತು. ಮುಂದಿನದು 38, ಅದರ ಮುಂದಿನದು 47. ಕೊನೆಯ ಎರಡಕ್ಕೆ ಆರ್‌ಸಿಎ ಕಂಪನಿಯ ಹಣವೂ ಜಾಹೀರಾತೂ ಇದ್ದಾಗಲೇ ಈ ಗತಿ. ಅವರು ಸಲಿಂಗಿ ಪುರುಷರ ಕ್ಲಬ್ಬುಗಳಲ್ಲಿ ಹಾಡಿದರು, ಶಾಲೆಗಳ ಸಭಾಂಗಣಗಳಲ್ಲಿ ಹಾಡಿದರು, ಒಂದೇ ದಿನ ಹಲವು ಕಡೆ ಓಡಾಡಿದರು. 1992ರಲ್ಲಿ ಹಳೆಯ ಹಾಡೊಂದರ ಮರುಹಾಡಿಕೆ ಏಳನೆಯ ಸ್ಥಾನಕ್ಕೆ ಏರಿದ ಮೇಲೆಯೇ ಬಾಗಿಲು ತೆರೆದದ್ದು. ಕಂಪನಿ ಕೊಟ್ಟದ್ದನ್ನೆಲ್ಲ ಹುಡುಗಿಯರು ಕಣ್ಣುಮುಚ್ಚಿ ಕೊಂಡರೆನ್ನುವುದು ಹಾಗಾದರೆ ಸುಳ್ಳು. ಮೂರನ್ನು ಬೇಡವೆಂದು ಪಕ್ಕಕ್ಕಿಟ್ಟು ನಾಲ್ಕನೆಯದನ್ನು ಆರಿಸಿಕೊಂಡರು. ಸಂತೆಯಲ್ಲಿ ಬದನೆಕಾಯಿ ಆರಿಸುವವಳಿಗೆ ಇರುವಷ್ಟು ವಿವೇಕ ಅವರಿಗೂ ಇತ್ತು.

ಆಮೇಲೆ ಶುರುವಾಯಿತು ಮೆರವಣಿಗೆ. 1993ರಲ್ಲಿ 'ಪ್ರೇ' ಮೊದಲ ಸ್ಥಾನಕ್ಕೆ ಬಂತು. ಅಲ್ಲಿಂದ ಮೂರು ವರ್ಷ ಅವರ ಹಾಡು ಬಂದರೆ ಬಹುತೇಕ ಮೊದಲ ಸ್ಥಾನವೇ ಎನ್ನುವಂತಾಯಿತು. ಆದರೆ ಹುಡುಗರಿಗೆ ಹಾಕಿದ್ದ ಕಟ್ಟುಪಾಡುಗಳನ್ನು ಓದುವಾಗ ನನಗೆ ಬೇರೆಯೇ ನೆನಪಾಯಿತು. ಪ್ರೇಯಸಿ ಇರಬಾರದು, ಇದ್ದರೂ ಯಾರಿಗೂ ತಿಳಿಯಬಾರದು. ಮೈ ದಪ್ಪವಾಗಬಾರದು. ಯಾವ ಬಟ್ಟೆ, ಎಂಥ ಕೂದಲು ಎಲ್ಲವೂ ಬೇರೆಯವರ ನಿರ್ಧಾರ. ಇದೆಲ್ಲ ಚಿತ್ರರಂಗದಲ್ಲಿ ನಾಯಕಿಯರಿಗೆ ಹಾಕುವ ನಿಯಮವಲ್ಲವೇ? ಮದುವೆಯಾದರೆ ಮುಗಿಯಿತು, ಒಂದು ಸುತ್ತು ದಪ್ಪಗಾದರೆ ಮುಗಿಯಿತು, ಇಪ್ಪತ್ತೈದು ದಾಟಿದರೆ ಅಕ್ಕನ ಪಾತ್ರ. ಹೆಣ್ಣಿನ ಮೈಯನ್ನು ನೋಡುವ ಕಣ್ಣಿನಿಂದ ಗಂಡುಹುಡುಗರನ್ನು ನೋಡಿದ ಅಪರೂಪದ ವ್ಯಾಪಾರ ಅದು. ಜಗತ್ತಿನ ಗಂಡಸರಿಗೆ ಬಾಯ್ ಬ್ಯಾಂಡ್ ಕಂಡರೆ ಅಷ್ಟೊಂದು ಇರುಸುಮುರುಸಾಗುವುದು ಇದಕ್ಕೇ ಇರಬಹುದೇ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ನಮ್ಮ ಊರಿಗೆ ಕೇಬಲ್ ಟೀವಿ ಬಂದ ಹೊಸತು. ಅಕ್ಕನ ಮಗಳು ಆಗ ಪಿಯುಸಿ ಓದುತ್ತಿದ್ದಳು. ಇಂಗ್ಲಿಷ್ ಹಾಡಿನ ಚಾನೆಲ್ಲಿನಲ್ಲಿ 'ಬ್ಯಾಕ್ ಫಾರ್ ಗುಡ್' ಬಂದರೆ ಸಾಕು, ಕೈಯಲ್ಲಿದ್ದ ಪುಸ್ತಕ ಹಾಗೇ ಮಡಿಲಿಗೆ ಜಾರುತ್ತಿತ್ತು. "ಏನು ಹಾಡೋ ಏನೋ, ಐದು ಜನ ನೆನೆದ ಕೋಳಿಗಳು" ಎಂದು ಭಾವ ರೇಗಿಸುವರು. ನಿಜ, ಆ ಹಾಡಿನ ಚಿತ್ರದಲ್ಲಿ ಅವರೆಲ್ಲ ಮಳೆಯಲ್ಲಿ ತೋಯುತ್ತಿರುತ್ತಾರೆ. "ಚಿತ್ರ ನೋಡ್ಬೇಡಿ ಅಪ್ಪ, ಕಣ್ಣು ಮುಚ್ಚಿ ಕೇಳಿ" ಎಂದಿದ್ದಳು ಹುಡುಗಿ. ಆ ವಯಸ್ಸಿನವಳಿಂದ ಇದಕ್ಕಿಂತ ಒಳ್ಳೆಯ ವಿಮರ್ಶೆಯ ಪಾಠ ಸಿಕ್ಕೀತೇ?

ಕಣ್ಣು ಮುಚ್ಚಿಯೇ ಕೇಳಿ. 1995ರ ಈ ಹಾಡು ಬಾರ್ಲೋ ಬರೆದದ್ದು. ಗಿಟಾರಿನ ನಾಲ್ಕಾರು ಸ್ವರಗಳು, ಅವಸರವಿಲ್ಲದ ಚರಣ. ಬಿಟ್ಟುಹೋದ ಹುಡುಗಿಯ ನೆನಪಿನಲ್ಲಿ ಕುಳಿತವನ ಮಾತು. ಅಯ್ಯೋ, ಕೊಯ್ಯೋ ಎನ್ನುವುದಿಲ್ಲ; ಕಪ್ಪಿನ ಅಂಚಿಗೆ ಉಳಿದ ತುಟಿಯ ಬಣ್ಣದಂಥ ಸಣ್ಣ ಗುರುತನ್ನು ಹಿಡಿದುಕೊಂಡು ಮಾತಾಡುತ್ತಾನೆ. ಮನೆಯಿಂದ ಯಾರೋ ಹೊರಟುಹೋದ ಮೇಲೆ ಉಳಿಯುವುದು ಇಂಥ ಚೂರುಪಾರುಗಳೇ ಎನ್ನುವುದು ಬಲ್ಲವರಿಗೆ ಗೊತ್ತು. ಪಲ್ಲವಿ ಬಂದಾಗ ಉಳಿದವರ ದನಿ ಹಿಂದಿನಿಂದ ಬಂದು ಕೂಡಿಕೊಳ್ಳುತ್ತದೆ. ಒಬ್ಬನ ಬೇಡಿಕೆಗೆ ನಾಲ್ವರು ಹೂಗುಟ್ಟಿದ ಹಾಗೆ. ಇನ್ನೊಂದು ಸೊಗಸಿದೆ. ತಾನು ಮಾಡಿದ ತಪ್ಪೇನೆಂದು ಆ ಪ್ರಾಣಿಗೆ ಸರಿಯಾಗಿ ಗೊತ್ತೇ ಇಲ್ಲ. ಆದರೂ ಏನೇ ಆಗಿದ್ದರೂ ಸರಿ ಎಂದು ಕ್ಷಮೆ ಕೇಳುತ್ತಾನೆ! ಸಂಸಾರ ಮಾಡಿದ ಯಾವ ಹೆಂಗಸಿಗೆ ಇದನ್ನು ಕೇಳಿ ನಗು ಬಾರದು? ಹುಡುಗಿಯರು ಇದನ್ನು ಕೇಳಿ ಅತ್ತರು, ನಾನು ನಕ್ಕೆ. ಎರಡಕ್ಕೂ ಎಡೆಕೊಡುವ ಹಾಡು ಟೊಳ್ಳಲ್ಲ. ಅದು ಇಂಗ್ಲೆಂಡಿನಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಈ ತಂಡಕ್ಕೆ ಎಂದೂ ಒಲಿಯದ ಅಮೆರಿಕದಲ್ಲೂ ಏಳನೆಯ ಸ್ಥಾನಕ್ಕೆ ಏರಿತು.

ಎಲ್ಲವೂ ಹೀಗೇ ಇತ್ತೆಂದಲ್ಲ. 'ಬೇಬ್' ಎಂಬ 1993ರ ಹಾಡನ್ನೇ ತೆಗೆದುಕೊಳ್ಳಿ. ಮಾರ್ಕ್ ಓವನ್ ಎಳೆಯ ದನಿಯಲ್ಲಿ ಹಾಡಿದ್ದಾನೆ. ಬಹುಕಾಲ ಕಾಣೆಯಾಗಿದ್ದವನೊಬ್ಬ ಹಳೆಯ ಪ್ರೇಯಸಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಅಲ್ಲಿ ಅವನದೇ ಮುಖಚಹರೆಯ ಪುಟ್ಟ ಮಗುವಿದೆ. ಕರುಳು ಹಿಂಡುವ ಸನ್ನಿವೇಶ, ಒಪ್ಪೋಣ. ಆದರೆ ಮಗುವನ್ನು ಒಬ್ಬಳೇ ಹೆತ್ತು ಸಾಕಿದವಳಿದ್ದಾಳಲ್ಲ, ಅವಳ ಮಾತು ಎಲ್ಲಿ? ಹೋದವನು ಬಂದನೆಂದು ಹಾಡು ಹಿಗ್ಗುತ್ತದೆ. ಇಷ್ಟು ದಿನ ಎಲ್ಲಿ ಸತ್ತಿದ್ದೆಯೋ ಎಂದು ಅವಳು ಕೇಳುವುದಿಲ್ಲ. ಕೇಳಲು ಅವಳಿಗೆ ಒಂದು ಸಾಲನ್ನೂ ಕೊಟ್ಟಿಲ್ಲ. ಆ ಹಾಡನ್ನು ಕ್ರಿಸ್‌ಮಸ್ ವಾರದ ಮೊದಲ ಸ್ಥಾನದಿಂದ ಕೆಳಗಿಳಿಸಿದ್ದು ಮಿಸ್ಟರ್ ಬ್ಲಾಬಿ ಎಂಬ ಟೀವಿಯ ಕೋಡಂಗಿ. ಗುಲಾಬಿ ಮೈಗೆ ಹಳದಿ ಚುಕ್ಕೆಯ ರಬ್ಬರ್ ಬೊಂಬೆ! ತಕ್ಕ ಶಾಸ್ತಿಯೆಂದು ನನಗೆ ಒಳಗೊಳಗೇ ಸಂತೋಷವೇ.

ಅವರ ಮೊದಲ ಕಾಲದ ದೊಡ್ಡ ಹಾಡುಗಳಲ್ಲಿ 'ನೀನು' ಎಂದು ಕರೆಸಿಕೊಳ್ಳುವ ಹುಡುಗಿ ಯಾವಾಗಲೂ ಕೇಳುವವಳು, ಹೇಳುವವಳಲ್ಲ. ಹೆಣ್ಣುದನಿ ಗಟ್ಟಿಯಾಗಿ ಕೇಳಿಸಿದ್ದು 'ರೀಲೈಟ್ ಮೈ ಫೈರ್' ಒಂದರಲ್ಲಿ. ಆ ದನಿ ಹುಡುಗಿಯದಲ್ಲ, ನಲವತ್ನಾಲ್ಕು ವರ್ಷದ ಲುಲು ಎಂಬ ಸ್ಕಾಟ್ಲೆಂಡಿನ ಗಾಯಕಿಯದು. 1964ರಲ್ಲಿ ಹದಿನೈದರ ಹುಡುಗಿಯಾಗಿ ಹೆಸರು ಮಾಡಿದವಳು. ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನ ಅವಳಿಗೆ ಸಿಕ್ಕಿದ್ದು ಮಾತ್ರ ಈ ಹುಡುಗರ ಜೊತೆ ಹಾಡಿದಾಗ, 1993ರಲ್ಲಿ. ಹಾಡಿನ ನಡುವೆ ಆಕೆ ಬಾಯಿ ಬಿಟ್ಟಳೆಂದರೆ, ಅಲ್ಲಿಯವರೆಗೆ ಕುಣಿದು ಬೆವರಿದ ಐವರೂ ಮಕ್ಕಳ ಹಾಗೆ ಕಾಣುತ್ತಾರೆ. ಸಂಗೀತದಲ್ಲಿ ವಯಸ್ಸಾದ ಹೆಣ್ಣಿನ ದನಿಗೆ ಎಂಥ ಬೆಲೆಯಿದೆಯೆಂದು ತಿಳಿಯಬೇಕಾದವರು ಆ ಅರ್ಧ ನಿಮಿಷವನ್ನು ಕೇಳಬೇಕು.

ಒಡಕು ಬಂದದ್ದು 1995ರ ಬೇಸಿಗೆಯಲ್ಲಿ. ರಾಬಿ ಕುಡಿತ, ಮಾದಕವಸ್ತು ಎಂದು ಜಾರತೊಡಗಿದ್ದ. ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿ ಓಯಸಿಸ್ ತಂಡದವರ ಜೊತೆ ಕುಡಿದು ತೂರಾಡಿದ ಅವನ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು; ಜುಲೈಯಲ್ಲಿ ತಂಡದಿಂದ ಹೊರಬಿದ್ದ. ಇಪ್ಪತ್ತೊಂದರ ಹುಡುಗ. ಆಮೇಲೆ ಅದೇ ಓಯಸಿಸ್‌ನವರೇ ಅವನ ಮೈದಪ್ಪವನ್ನು ಆಡಿಕೊಂಡರು. ಉಳಿದವರು ಆರೇಳು ತಿಂಗಳು ಎಳೆದರು. ತಂಡ ಮುಗಿಯಿತೆಂದು ಹೇಳಲು ಅವರು ಆರಿಸಿಕೊಂಡ ದಿನ, ಕಾಕತಾಳೀಯವೋ ಏನೋ, ರಾಬಿಯ ಇಪ್ಪತ್ತೆರಡನೆಯ ಹುಟ್ಟುಹಬ್ಬ.

ಅವನು ಹೊರಟ ಹೊತ್ತಿಗೇ ಬಿಡುಗಡೆಯಾದ 'ನೆವರ್ ಫರ್ಗೆಟ್' ನನ್ನ ಮಟ್ಟಿಗೆ ಅವರ ಎಲ್ಲಕ್ಕಿಂತ ದೊಡ್ಡ ಹಾಡು. ಬರೆದದ್ದು ಬಾರ್ಲೋ, ಹಾಡಿದ್ದು ಹೊವಾರ್ಡ್. ಸಾಮಾನ್ಯವಾಗಿ ಹಿಂದೆ ನಿಂತು ಕುಣಿಯುತ್ತಿದ್ದ, ತಂಡದ ಹಿರಿಯ. ಶುರುವಿನಲ್ಲಿ ಚರ್ಚಿನ ಬಾಲಕರ ಗಾಯನ, ಆಮೇಲೆ ಡೋಲಿನ ಪೆಟ್ಟು. ಈ ಕೀರ್ತಿ ನಮ್ಮದಲ್ಲ, ನಾಳೆ ಇನ್ಯಾರದೋ ಎನ್ನುವ ತಿಳಿವು ಅದರಲ್ಲಿದೆ. ಹುಚ್ಚೆದ್ದ ಹುಡುಗಿಯರ ಸಮುದ್ರದ ಮುಂದೆ ನಿಂತು ಇದನ್ನು ಹಾಡುವುದೆಂದರೆ, ಮದುವೆಯ ಮೆರವಣಿಗೆಯಲ್ಲಿ ವೈರಾಗ್ಯದ ಪದ ಹಾಡಿದ ಹಾಗೆ. ಆದರೂ ಲಕ್ಷಾಂತರ ಕೈಗಳು ಅದಕ್ಕೆ ತಾಳ ಹಾಕಿದವು.

ಮುಂದಿನ ಹತ್ತು ವರ್ಷದ ಕತೆಯಲ್ಲಿ ಪತ್ರಿಕೆಗಳಿಗೆ ಬೇಕಿದ್ದದ್ದು ಗೆದ್ದವನು, ಸೋತವನು ಎಂಬ ಎರಡೇ ಪಾತ್ರ. ಗ್ಯಾರಿ ಗೆಲ್ಲುತ್ತಾನೆಂದು ಎಲ್ಲರೂ ಬಾಜಿ ಕಟ್ಟಿದ್ದರು. ಅವನ ಮೊದಲ ಹಾಡು, ಮೊದಲ ಆಲ್ಬಮ್ ಗೆದ್ದವು ಕೂಡ. ಅಷ್ಟರಲ್ಲಿ 1997ರ ಕೊನೆಗೆ ರಾಬಿಯ 'ಏಂಜೆಲ್ಸ್' ಬಂತು. ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕಷ್ಟೇ ಏರಿದರೂ, ಮದುವೆಗೂ ಮಸಣಕ್ಕೂ ಬೇಕಾದ ಹಾಡಾಗಿ ಇಂಗ್ಲೆಂಡಿನ ಮನೆಮನೆಯಲ್ಲಿ ನೆಲೆಸಿತು. 1999ರಲ್ಲಿ ಗ್ಯಾರಿಯ ಎರಡನೆಯ ಆಲ್ಬಮ್ ಬಿದ್ದುಹೋಯಿತು, ಕಂಪನಿ ಕೈಬಿಟ್ಟಿತು. ಅವನು ಮನೆಯೊಳಗೆ ಸೇರಿಕೊಂಡು ಸಿಕ್ಕಿದ್ದೆಲ್ಲ ತಿಂದ, ದಪ್ಪಗಾದ. ತಿಂದು, ಬೇಕೆಂದೇ ವಾಂತಿ ಮಾಡಿಕೊಳ್ಳುವ ಕಾಯಿಲೆಗೆ ಬಿದ್ದೆನೆಂದು ಬಹುಕಾಲದ ಮೇಲೆ ತಾನೇ ಬರೆದುಕೊಂಡ. ಹುಡುಗಿಯರ ಕಾಯಿಲೆ ಎಂದು ಲೋಕ ಹೇಳುತ್ತಿದ್ದ ಕಾಯಿಲೆ ಅದು! 2003ರ ಆಗಸ್ಟಿನಲ್ಲಿ ರಾಬಿ ನೆಬ್‌ವರ್ತ್ ಮೈದಾನದಲ್ಲಿ ಮೂರು ದಿನಕ್ಕೆ 3,75,000 ಜನರೆದುರು ಹಾಡಿದ. ಅವನಾದರೂ ಸುಖವಾಗಿದ್ದನೇ? ಅವನ ಕುಡಿತ, ಖಿನ್ನತೆ, ಚಿಕಿತ್ಸೆಗಳ ಕತೆಯನ್ನು ಅವನೇ ಸಾರಿ ಸಾರಿ ಹೇಳಿದ್ದಾನೆ.

2005ರ ನವೆಂಬರಿನಲ್ಲಿ ಐಟಿವಿ ಚಾನೆಲ್ ತಂಡದ ಬಗ್ಗೆ ಒಂದು ಸಾಕ್ಷ್ಯಚಿತ್ರ ತೋರಿಸಿತು. ನಾಲ್ವರು ಒಂದೆಡೆ ಕೂಡಿ ರಾಬಿ ಬರಬಹುದೆಂದು ಕಾಯುತ್ತಾರೆ. ಅವನು ಬರುವುದಿಲ್ಲ, ಅವನ ಮಾತಿನ ಚಿತ್ರೀಕರಣ ಬರುತ್ತದೆ. ಮೂವತ್ತು ದಾಟಿದ ನಾಲ್ವರು ಗಂಡಸರು ಟೀವಿಯೆದುರು ಕುಳಿತು ಅದನ್ನು ನೋಡುವ ಮೌನ ಯಾವ ಹಾಡಿಗೂ ಕಡಿಮೆಯಿಲ್ಲ. ಅದಾದ ಮೇಲೆ 2006ರಲ್ಲಿ ಅವರು ಮತ್ತೆ ವೇದಿಕೆ ಏರಿದರು, ಹೊಸ ಆಲ್ಬಮ್ ಮಾಡಿದರು.

ಇಲ್ಲಿ ಒಂದು ಸಣ್ಣ ಬದಲಾವಣೆಯಾಯಿತು. ಹೆಚ್ಚಿನವರು ಗಮನಿಸದ ಬದಲಾವಣೆ, ಆದರೆ ನನಗೆ ಇಡೀ ಕತೆಯ ತಿರುವು ಅದೇ. ಮೊದಲ ಅವಧಿಯಲ್ಲಿ ಹಾಡು ಬರೆದವನು ಗ್ಯಾರಿ, ಆದ್ದರಿಂದ ಬರಹಗಾರನಿಗೆ ಸಲ್ಲುವ ಹಣವೂ ಅವನದೇ. ಉಳಿದವರು ಬೆವರು ಸುರಿಸಿ ಕುಣಿದರೂ ತಂಡ ಮುಗಿದ ದಿನ ಅವರ ಪಾಲಿಗೆ ಉಳಿದದ್ದು ಬೇರೆ ಲೆಕ್ಕ. 'ಬ್ಯೂಟಿಫುಲ್ ವರ್ಲ್ಡ್' ಆಲ್ಬಮ್ಮಿನಲ್ಲಿ ಎಲ್ಲ ಹಾಡಿಗೂ ನಾಲ್ವರ ಹೆಸರಿದೆ. ಮನೆಯ ದುಡಿಮೆಯಲ್ಲಿ ಯಾರ ಹೆಸರು ಖಾತೆಯಲ್ಲಿರುತ್ತದೆ, ಯಾರದು ಇರುವುದಿಲ್ಲ ಎಂದು ತಿಳಿದ ನಮ್ಮಂಥವರಿಗೆ ಇದರ ಬೆಲೆ ಹೇಳಿಕೊಡಬೇಕಿಲ್ಲ. ಹಂಚಿಕೊಂಡದ್ದರಿಂದ ಹಾಡು ಕೆಡಲೂ ಇಲ್ಲ. 'ಪೇಶನ್ಸ್' ಕೇಳಿ. 'ಬ್ಯಾಕ್ ಫಾರ್ ಗುಡ್'ನ ಹುಡುಗ ಹತ್ತು ವರ್ಷ ದೊಡ್ಡವನಾಗಿ ಮರಳಿ ಬಂದಂತಿದೆ. ಈಗ ಅವನು ಬಾ ಎಂದು ಗೋಗರೆಯುವುದಿಲ್ಲ. ನನ್ನ ಗಾಯ ಇನ್ನೂ ಮಾಯ್ದಿಲ್ಲ, ಸ್ವಲ್ಪ ತಾಳು ಎನ್ನುತ್ತಾನೆ. ತನಗೇನಾಗಿದೆ ಎಂದು ಅವನಿಗೀಗ ಗೊತ್ತು. ಅದೇ ಆಲ್ಬಮ್ಮಿನಲ್ಲಿ, ಹದಿನಾರು ವರ್ಷ ಬರೀ ಕುಣಿದಿದ್ದ ಜೇಸನ್ ಮುಂದೆ ಬಂದು ಒಂದು ಹಾಡನ್ನು ತಾನೇ ಹಾಡಿದ. ದನಿ ತೀರಾ ಸಾಧಾರಣ, ಪಕ್ಕದ ಮನೆಯವರು ಹಾಡಿದಂತಿದೆ. ನನಗೆ ಇಷ್ಟವಾಯಿತು.

'ಪೇಶನ್ಸ್' ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಕೊಂಡವರು ಯಾರು? ಬಹುಪಾಲು ಸಹಾಯವಾಣಿಗೆ ಫೋನು ಮಾಡುವ ವಯಸ್ಸಿನಲ್ಲಿದ್ದ ಅದೇ ಹುಡುಗಿಯರು, ಈಗ ಕೆಲಸಕ್ಕೆ ಹೋಗುವ ಹೆಂಗಸರು. ಹುಚ್ಚು ಎಂದಿದ್ದರಲ್ಲ, ಹತ್ತು ವರ್ಷ ಇಳಿಯದ ಹುಚ್ಚಿಗೆ ಬೇರೆ ಹೆಸರು ಹುಡುಕಬೇಕಾಗುತ್ತದೆ. 2010ರಲ್ಲಿ ರಾಬಿಯೂ ಮರಳಿದ. ಐವರ 'ಪ್ರೋಗ್ರೆಸ್' ಆಲ್ಬಮ್ ಮೊದಲ ವಾರದಲ್ಲೇ ಐದು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಮರುವರ್ಷ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಎಂಟು ರಾತ್ರಿ ಹಾಡಿದರು.

ಹುಡುಗಿಯರು ಕೊಟ್ಟ ಹಣವನ್ನು ಅವರು ಏನು ಮಾಡಿದರೆಂಬ ಪ್ರಶ್ನೆಯೂ ಇದೆ. ಗ್ಯಾರಿ, ಮಾರ್ಕ್, ಹೊವಾರ್ಡ್ ಮೂವರೂ ಐಸ್‌ಬ್ರೇಕರ್ ಎಂಬ ಯೋಜನೆಯಲ್ಲಿ ಹಣ ತೊಡಗಿಸಿದ್ದರು. ಅದು ತೆರಿಗೆ ತಪ್ಪಿಸುವ ಉಪಾಯವೆಂದು 2014ರಲ್ಲಿ ನ್ಯಾಯಮಂಡಳಿ ಹೇಳಿತು. ಗ್ಯಾರಿ ಕ್ಷಮೆ ಕೇಳಿದ. ಈ ಸಲ ತಪ್ಪೇನೆಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ತಿಂಗಳ ಸಂಬಳದಲ್ಲೇ ತೆರಿಗೆ ಕಳೆದು ಪಡೆಯುವ ನರ್ಸಮ್ಮ, ಟೀಚರಮ್ಮಂದಿರು ಟಿಕೆಟ್ಟು ಕೊಂಡು ಬೆಳೆಸಿದ ತಂಡ ಅದು. ಆ ಸುದ್ದಿ ಓದಿದಾಗ ನನಗೂ ಕಹಿಯಾಯಿತು.

ಅದೇ ವರ್ಷ ಜೇಸನ್ ತಂಡ ಬಿಟ್ಟ. ಜಗಳವಿಲ್ಲ, ಬೇರೆ ಆಲ್ಬಮ್ಮಿನ ಆಸೆಯಿಲ್ಲ. ಸಾಕು ಎಂದು ಎದ್ದುಹೋದ. ರಾಬಿಯೂ ತನ್ನ ದಾರಿ ಹಿಡಿದಿದ್ದ. ಉಳಿದ ಮೂವರು ತಂಡವನ್ನು ನಡೆಸಿಕೊಂಡು ಬಂದಿದ್ದಾರೆ. 2023ರಲ್ಲೂ ಹೊಸ ಆಲ್ಬಮ್ ತಂದರು. ಎಲ್ಲ ಹುಡುಗರಿಗೂ ಇಷ್ಟು ದೀರ್ಘ ಕಾಲ ಸಿಗುವುದಿಲ್ಲ. 2010ರಲ್ಲಿ ಟೀವಿ ಸ್ಪರ್ಧೆಯೊಂದರಲ್ಲಿ ಕೂಡಿಸಿದ ಒನ್ ಡೈರೆಕ್ಷನ್ ಇವರಿಗಿಂತ ದೊಡ್ಡ ಹೆಸರು ಮಾಡಿತು. ಅದರಲ್ಲಿ ಹದಿನಾರಕ್ಕೇ ಸೇರಿದ್ದ ಲಿಯಮ್ ಪೇನ್ 2024ರ ಅಕ್ಟೋಬರಿನಲ್ಲಿ ಬ್ಯೂನಸ್ ಐರಿಸ್‌ನ ಹೋಟೆಲೊಂದರಲ್ಲಿ ಮಹಡಿಯಿಂದ ಬಿದ್ದು ತೀರಿಕೊಂಡ. ಮೂವತ್ತೊಂದು ವರ್ಷ. ಹದಿನಾರು ಎಂದರೆ ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ಮಗು. ಆಗಲೂ ಹುಡುಗಿಯರು ಬೀದಿಯಲ್ಲಿ ಕೂಡಿ ಅತ್ತರು. ಆ ಸಲ ನಗುವವರ ದನಿ ಸ್ವಲ್ಪ ತಗ್ಗಿತ್ತು.

ಈ ತಂಡದ ಹಾಡುಗಳನ್ನೇ ಪೋಣಿಸಿ ಟಿಮ್ ಫರ್ತ್ ಎಂಬ ನಾಟಕಕಾರ 'ದಿ ಬ್ಯಾಂಡ್' ಎಂಬ ಸಂಗೀತ ನಾಟಕ ಬರೆದ; 2017ರಲ್ಲಿ ಮ್ಯಾಂಚೆಸ್ಟರಿನಲ್ಲೇ ಮೊದಲ ಪ್ರದರ್ಶನ. 2023ರಲ್ಲಿ ಅದು 'ಗ್ರೇಟೆಸ್ಟ್ ಡೇಸ್' ಎಂಬ ಸಿನಿಮಾ ಆಯಿತು. ಅದು ಗ್ಯಾರಿ, ರಾಬಿಯರ ಕತೆಯಲ್ಲ. ಅವರನ್ನು ಮೆಚ್ಚಿದ ಐವರು ಶಾಲಾ ಹುಡುಗಿಯರ ಕತೆ. ಒಬ್ಬಳು ಸಾಯುತ್ತಾಳೆ, ಉಳಿದವರು ಚೆದುರಿಹೋಗುತ್ತಾರೆ, ಇಪ್ಪತ್ತೈದು ವರ್ಷದ ಮೇಲೆ ಮತ್ತೆ ಸೇರುತ್ತಾರೆ. ಕೊನೆಗೆ ಎಲ್ಲವನ್ನೂ ಸರಿಪಡಿಸಿಬಿಡುವ ಅವಸರ ಅದರಲ್ಲಿದೆ, ಅದು ನನಗೆ ಹಿಡಿಸಲಿಲ್ಲ. ಸತ್ತ ಗೆಳತಿಯ ದುಃಖ ಎರಡು ಹಾಡಿಗೆ ಕರಗುವಂಥದ್ದಲ್ಲ. ಆದರೆ ಶುರುವಿನಲ್ಲಿ ರೇಚಲ್ ಎಂಬ ಹುಡುಗಿಯ ಮನೆಯಲ್ಲಿ ಅಪ್ಪ ಅಮ್ಮ ಜಗಳವಾಡುತ್ತಿರುತ್ತಾರೆ. ಅವಳು ತನ್ನ ಕೋಣೆಯಲ್ಲಿ ಹಾಡು ಹಾಕುತ್ತಾಳೆ. ಆ ಹಾಡಿನ ಹುಡುಗರು ಅಲ್ಲೇ ಪ್ರತ್ಯಕ್ಷರಾಗಿ ಅವಳ ಸುತ್ತ ಹಾಡತೊಡಗುತ್ತಾರೆ. ಆ ಕಡೆ ಜಗಳ ನಡೆದೇ ಇರುತ್ತದೆ, ಅವಳಿಗೆ ಮಾತ್ರ ಕೇಳಿಸುವುದಿಲ್ಲ.